‘ವಾಚ್‌ಮೆನ್’ ತೆರೆಗೆ ಬಂದ ಬಗೆ: ಒಂದು ಪ್ರಕರಣ ಅಧ್ಯಯನ

ಕಾಮಿಕ್ಸ್ ಆಧರಿಸಿದ ಚಿತ್ರವೊಂದು ಸೋತಾಗ ಮೊದಲು ಕೇಳಿಬರುವ ದೂರು, ನಿರ್ದೇಶಕ ಮೂಲಕೃತಿಗೆ ನಿಷ್ಠನಾಗಿರಲಿಲ್ಲ ಎಂಬುದು. 2009ರ ಮಾರ್ಚ್ 6ರಂದು ಅಮೆರಿಕದಲ್ಲಿ ತೆರೆಕಂಡ ‘ವಾಚ್‌ಮೆನ್’ ಮೇಲೆ ಈ ದೂರು ಹೊರಿಸುವುದು ಸುಲಭವಲ್ಲ. ನಿರ್ದೇಶಕ ಝ್ಯಾಕ್ ಸ್ನೈಡರ್ ಮೂಲದ ಪುಟಗಳನ್ನು ಎದುರಿಗಿಟ್ಟುಕೊಂಡೇ ದೃಶ್ಯಗಳನ್ನು ರೂಪಿಸಿದರು. ಎಷ್ಟೋ ಚೌಕಟ್ಟುಗಳು, ಎಷ್ಟೋ ಮಾತುಗಳು ಇದ್ದಂತೆಯೇ ತೆರೆಗೆ ಬಂದವು. ಹಾಗಿದ್ದೂ ಪುಸ್ತಕ ಓದಿ ಮುಗಿಸಿದಾಗ ಹುಟ್ಟುವ ಕಳವಳ ಚಿತ್ರ ನೋಡಿ ಮುಗಿಸಿದಾಗ ಹುಟ್ಟುವುದಿಲ್ಲ. ಇಷ್ಟೊಂದು ಶ್ರದ್ಧೆಯಿಂದ ನಡೆದ ರೂಪಾಂತರದಲ್ಲಿ ಜಾರಿಹೋದದ್ದೇನು ಎಂಬುದು ಈ ಅಧ್ಯಯನದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಆ ಕೃತಿಯ ಕರಾಳತೆ ನೆಲೆಸಿದ್ದುದು ಒಂದು ಚಿತ್ರದ ಪಕ್ಕದಲ್ಲಿ ಇನ್ನೊಂದನ್ನು, ಒಬ್ಬ ಮುಖವಾಡದ ವೀರನ ಪಕ್ಕದಲ್ಲಿ ಒಬ್ಬ ದಾರಿಹೋಕನನ್ನು ಇಟ್ಟ ಕ್ರಮದಲ್ಲಿ. ಸಿನಿಮಾ ಆ ಚಿತ್ರಗಳನ್ನೂ ಆ ವೀರರನ್ನೂ ಎತ್ತಿಕೊಂಡಿತು, ಕ್ರಮವನ್ನು ಎತ್ತಿಕೊಳ್ಳಲಾಗಲಿಲ್ಲ. ಕಥೆಯ ಅಂತ್ಯವನ್ನು ಬಿಚ್ಚಿಡದೆ ಈ ಮಾತನ್ನು ವಿವರಿಸುವುದು ಸಾಧ್ಯವಿಲ್ಲವಾದ್ದರಿಂದ, ಪುಸ್ತಕವನ್ನು ಇನ್ನೂ ಓದದವರು ಮೊದಲು ಅದನ್ನು ಓದಿಬಿಡುವುದು ಒಳ್ಳೆಯದು.

ಬರಹಗಾರ ಅಲನ್ ಮೂರ್, ಚಿತ್ರಕಾರ ಡೇವ್ ಗಿಬನ್ಸ್ ಮತ್ತು ಬಣ್ಣ ಹಾಕಿದ ಜಾನ್ ಹಿಗಿನ್ಸ್ ಮೂವರೂ ಬ್ರಿಟನ್ನಿನವರು. ಅವರ ‘ವಾಚ್‌ಮೆನ್’ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆಯಿಂದ 1986 ಮತ್ತು 1987ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಪ್ರಕಟವಾಯಿತು. ಡಿಸಿ ಆಗಷ್ಟೇ ಖರೀದಿಸಿದ್ದ ಚಾರ್ಲ್‌ಟನ್ ಕಾಮಿಕ್ಸ್‌ನ ಪಾತ್ರಗಳನ್ನು ಬಳಸಬೇಕೆಂಬುದು ಮೂರ್ ಅವರ ಮೊದಲ ಯೋಜನೆಯಾಗಿತ್ತು. ಅವರು ಹೆಣೆದ ಕಥೆಯಲ್ಲಿ ಆ ಪಾತ್ರಗಳು ಸಾಯುವುದೋ, ಮುಂದೆ ಬಳಸಲಾಗದಷ್ಟು ಕೆಡುವುದೋ ಖಚಿತವಾಗಿದ್ದರಿಂದ, ಹೊಸ ಪಾತ್ರಗಳನ್ನೇ ಸೃಷ್ಟಿಸಿಕೊಳ್ಳುವಂತೆ ಸಂಪಾದಕ ಡಿಕ್ ಜಿಯೋರ್ಡಾನೊ ಸೂಚಿಸಿದರು. ಹಾಗೆ ಹುಟ್ಟಿದ ಲೋಕದಲ್ಲಿ ವರ್ಷ 1985. ಡಾಕ್ಟರ್ ಮ್ಯಾನ್‌ಹ್ಯಾಟನ್ ಎಂಬ ನೀಲಿ ಮೈಯ ಅತಿಮಾನವನ ಬಲದಿಂದ ಅಮೆರಿಕ ವಿಯೆಟ್ನಾಂ ಯುದ್ಧವನ್ನು ಗೆದ್ದಿದೆ. ರಿಚರ್ಡ್ ನಿಕ್ಸನ್ ಇನ್ನೂ ಅಧ್ಯಕ್ಷರು. 1977ರ ಕಾನೂನೊಂದರಿಂದ ಮುಖವಾಡ ತೊಟ್ಟು ನ್ಯಾಯ ಕೊಡಿಸುವವರಿಗೆ ನಿಷೇಧ ಬಿದ್ದಿದೆ. ಅಣುಯುದ್ಧ ಬಾಗಿಲಿಗೆ ಬಂದು ನಿಂತಿದೆ. ಈ ಲೋಕದಲ್ಲಿ ವೀರರೆನಿಸಿಕೊಂಡವರು ಒಬ್ಬರಿಗಿಂತ ಒಬ್ಬರು ಮುರಿದ ಮನುಷ್ಯರು. ಬಹುತೇಕ ಪುಟಗಳು ಒಂಬತ್ತು ಚೌಕಗಳ ಒಂದೇ ಅಚ್ಚಿನಲ್ಲಿ ಸಾಗುತ್ತವೆ, ಮತ್ತು ಈ ಅಚ್ಚಿನ ಬಿಗಿಯೇ ಮುಂದೆ ಚಿತ್ರಕ್ಕೆ ದೊಡ್ಡ ಸವಾಲಾಯಿತು.

ಚಿತ್ರೀಕರಣದ ಹಕ್ಕು 1986ರಲ್ಲೇ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಪಾಲಾಗಿತ್ತು. ನಿರ್ಮಾಪಕರು ಲಾರೆನ್ಸ್ ಗಾರ್ಡನ್ ಮತ್ತು ಜೋಯೆಲ್ ಸಿಲ್ವರ್. ಅಂದರೆ ಸಂಚಿಕೆಗಳು ಮುಗಿಯುವ ಮೊದಲೇ ಹಾಲಿವುಡ್ ಕೈಚಾಚಿತ್ತು, ಆದರೂ ಚಿತ್ರ ಆಗುವುದಕ್ಕೆ ಎರಡು ದಶಕಕ್ಕೂ ಮಿಕ್ಕಿ ಕಾಲ ಹಿಡಿಯಿತು. ಸ್ಯಾಮ್ ಹ್ಯಾಮ್ ಬರೆದ ಮೊದಲ ಚಿತ್ರಕಥೆ ಅಂತ್ಯವನ್ನು ಕಾಲಪ್ರಯಾಣದ ಒಗಟಾಗಿ ಬದಲಿಸಿತು. ನಂತರ ಯೋಜನೆಯನ್ನು ಕೈಗೆತ್ತಿಕೊಂಡ ಟೆರಿ ಗಿಲಿಯಂಗೆ ಸುಮಾರು ಹತ್ತು ಕೋಟಿ ಡಾಲರ್ ಬೇಕಿತ್ತು, ಅದರ ಕಾಲುಭಾಗವಷ್ಟೇ ಒಟ್ಟಾಯಿತು. ಹಣ ಕೂಡಿಬಾರದಿದ್ದುದಕ್ಕಿಂತ ಮುಖ್ಯವಾಗಿ, ಈ ಕಥೆಯನ್ನು ಎರಡು ಎರಡೂವರೆ ಗಂಟೆಗೆ ಇಳಿಸಿದರೆ ಅದರ ಸಾರವೇ ಇಂಗಿಹೋಗುತ್ತದೆಂದು ಅವರಿಗೆ ಅನ್ನಿಸಿತು, ಐದು ಗಂಟೆಯ ಕಿರುಧಾರಾವಾಹಿಯಾದರೆ ಚೆನ್ನ ಎಂದು ಅವರು ಕೈಬಿಟ್ಟರು. ಹೇಗೆ ಚಿತ್ರ ಮಾಡುವುದೆಂದು ಅವರು ಮೂರ್ ಅವರನ್ನೇ ಕೇಳಿದಾಗ ಬಂದ ಉತ್ತರ, ಮಾಡದಿರುವುದೇ ಲೇಸು ಎಂಬರ್ಥದ್ದು. ಆ ಬಳಿಕ ಯೂನಿವರ್ಸಲ್‌ನಲ್ಲಿ ಡೇವಿಡ್ ಹೇಟರ್ ಬರೆದರು, ಪ್ಯಾರಾಮೌಂಟ್‌ನಲ್ಲಿ ಡ್ಯಾರನ್ ಅರನಾಫ್‌ಸ್ಕಿ ಬಂದುಹೋದರು, ಪಾಲ್ ಗ್ರೀನ್‌ಗ್ರಾಸ್ ಸಿದ್ಧತೆಯಲ್ಲಿದ್ದಾಗಲೇ 2005ರಲ್ಲಿ ಆ ಸಂಸ್ಥೆಯೂ ಹಿಂದೆ ಸರಿಯಿತು. ಗ್ರೀನ್‌ಗ್ರಾಸ್ ಯೋಜನೆಯಲ್ಲಿ ಕಥೆ ಶೀತಲ ಸಮರದಿಂದ ಕಳಚಿಕೊಂಡು ವರ್ತಮಾನಕ್ಕೆ ಬಂದಿತ್ತು.

2006ರಲ್ಲಿ ವಾರ್ನರ್ ಬ್ರದರ್ಸ್ ಸ್ನೈಡರ್ ಅವರ ಹೆಸರನ್ನು ಪ್ರಕಟಿಸಿತು. ಮರುವರ್ಷ ಬಂದ ಅವರ ‘300’, ಇನ್ನೊಂದು ಕಾಮಿಕ್ಸ್‌ನ ಚೌಕಟ್ಟುಗಳನ್ನು ಹಾಗೆಹಾಗೆಯೇ ತೆರೆಗೆ ತಂದು ಭರ್ಜರಿ ಹಣ ಗಳಿಸಿದ್ದರಿಂದ ಅವರ ಮಾತಿಗೆ ತೂಕ ಬಂತು. ಆ ತೂಕವನ್ನು ಅವರು ಸದುಪಯೋಗ ಮಾಡಿಕೊಂಡರೆಂದೇ ಹೇಳಬೇಕು: ಕಾಲ 1985ರಲ್ಲೇ ಉಳಿಯಿತು, ನಿಕ್ಸನ್ ಉಳಿದರು, ಹದಿನೇಳು ತುಂಬದವರು ದೊಡ್ಡವರ ಜೊತೆಗಷ್ಟೇ ನೋಡಬಹುದೆಂಬ ಆರ್ ದರ್ಜೆಯನ್ನು ಸ್ಟುಡಿಯೊ ಒಪ್ಪಿಕೊಂಡಿತು. ಹೇಟರ್ ಅವರ ಪ್ರತಿಯನ್ನು ಅಲೆಕ್ಸ್ ಟ್ಸೆ ತಿದ್ದಿ ಬರೆದರು. ಮೂರ್ ತಮ್ಮ ಹೆಸರೂ ಬೇಡ, ಹಣವೂ ಬೇಡ ಎಂದು ದೂರ ನಿಂತರು. ಗಿಬನ್ಸ್ ಸಲಹೆಗಾರರಾಗಿ ಜೊತೆಗಿದ್ದರು. ಹೀಗೆ ಶೀರ್ಷಿಕೆಯಲ್ಲಿ ಚಿತ್ರಕಾರನ ಹೆಸರಿದ್ದು ಬರಹಗಾರನ ಹೆಸರಿಲ್ಲದ ಚಿತ್ರ ಇದು. ಕೆನಡಾದ ವ್ಯಾಂಕೂವರ್‌ನಲ್ಲಿ 2007ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಚಿತ್ರೀಕರಣ ಮುಂದಿನ ಫೆಬ್ರವರಿಗೆ ಮುಗಿಯುವ ಹೊತ್ತಿಗೆ, ಹಳೆಯ ಹಕ್ಕು ಇನ್ನೂ ತನ್ನಲ್ಲೇ ಇದೆಯೆಂದು ಫಾಕ್ಸ್ ನ್ಯಾಯಾಲಯದ ಮೆಟ್ಟಿಲೇರಿತು; 2008ರ ಡಿಸೆಂಬರ್ ಕೊನೆಯಲ್ಲಿ ನ್ಯಾಯಾಧೀಶರು ಫಾಕ್ಸ್ ವಾದವನ್ನು ಎತ್ತಿಹಿಡಿದಾಗ ಬಿಡುಗಡೆಯೇ ತೂಗುಯ್ಯಾಲೆಯಲ್ಲಿತ್ತು, ಜನವರಿಯಲ್ಲಿ ಎರಡೂ ಸಂಸ್ಥೆಗಳು ರಾಜಿ ಮಾಡಿಕೊಂಡವು. ವ್ಯವಹಾರದ ಈ ರಗಳೆ ಇಷ್ಟೇ ಸಾಕು. ಕಲೆಯ ತೊಡಕು ಇದಕ್ಕಿಂತ ಕುತೂಹಲಕರವಾಗಿದೆ.

ಮೊದಲನೆಯ ತೊಡಕು ಕಾಲದ್ದು. ನಾಲ್ಕನೆಯ ಸಂಚಿಕೆಯಲ್ಲಿ ಡಾಕ್ಟರ್ ಮ್ಯಾನ್‌ಹ್ಯಾಟನ್ ಭೂಮಿಯನ್ನು ತೊರೆದು ಮಂಗಳ ಗ್ರಹದ ಮರಳಿನಲ್ಲಿ ಹಳೆಯ ಫೋಟೊವೊಂದನ್ನು ಹಿಡಿದು ನಿಂತಿದ್ದಾನೆ. ಅವನಿಗೆ ಭೂತ, ವರ್ತಮಾನ, ಭವಿಷ್ಯ ಬೇರೆಬೇರೆಯಾಗಿ ಕಾಣುವುದಿಲ್ಲ, ಎಲ್ಲವೂ ಈಗಲೇ ನಡೆಯುತ್ತಿರುತ್ತದೆ. ಫೋಟೊ ಕೈಯಲ್ಲಿರುವಾಗಲೇ ಅದು ಇನ್ನು ಹನ್ನೆರಡು ಸೆಕೆಂಡಿಗೆ ಕೆಳಗೆ ಬೀಳುವುದೂ ಅವನ ಪಾಲಿಗೆ ಆಗಿಹೋಗಿದೆ. ಗಿಬನ್ಸ್ ಬರೆದ ಪುಟದಲ್ಲಿ ಕೈಯಲ್ಲಿರುವ ಫೋಟೊ, ಮರಳಿನ ಮೇಲೆ ಬಿದ್ದಿರುವ ಫೋಟೊ, ಆ ಫೋಟೊ ತೆಗೆಸಿಕೊಂಡ 1959ರ ದಿನ ಇವು ಪಕ್ಕಪಕ್ಕದ ಚೌಕಗಳಲ್ಲಿವೆ. ಪುಟ ತೆರೆದ ಓದುಗನ ಕಣ್ಣು ಮೂರನ್ನೂ ಒಂದೇ ನೋಟಕ್ಕೆ ಹಿಡಿಯುತ್ತದೆ. ಮುಂದಿನದನ್ನು ಮೊದಲು ನೋಡಿ ಹಿಂದಿನದಕ್ಕೆ ಮರಳಬಹುದು. ಮ್ಯಾನ್‌ಹ್ಯಾಟನ್ ಲೋಕವನ್ನು ನೋಡುವ ಬಗೆಯೂ ಕಾಮಿಕ್ಸ್ ಪುಟವನ್ನು ನಾವು ನೋಡುವ ಬಗೆಯೂ ಒಂದೇ ಆಗಿಬಿಡುವುದರಿಂದ, ಪಾತ್ರದ ದುರಂತ ವಿವರಣೆಯಿಲ್ಲದೆ ನಮ್ಮ ಅನುಭವಕ್ಕೆ ಬರುತ್ತದೆ.

ಸಿನಿಮಾ ಸರತಿಯ ಮಾಧ್ಯಮ. ಒಂದು ಚಿತ್ರ ಹೋಗದೆ ಇನ್ನೊಂದು ಬರುವುದಿಲ್ಲ. ಸ್ನೈಡರ್ ಈ ಅಧ್ಯಾಯವನ್ನು ಕೈಬಿಡಲಿಲ್ಲ. ಫಿಲಿಪ್ ಗ್ಲಾಸ್ ಅವರ ಸಂಗೀತದ ಮೇಲೆ, ಬಿಲಿ ಕ್ರೂಡಪ್ ಅವರ ಏರಿಳಿತವಿಲ್ಲದ ದನಿಯಲ್ಲಿ ಅದನ್ನು ಹೇಳಿಸಿದರು, ಮತ್ತು ಅದು ಚಿತ್ರದ ಅತ್ಯುತ್ತಮ ಭಾಗಗಳಲ್ಲೊಂದು. ನಟನ ಮೈಗೆ ಸಣ್ಣ ನೀಲಿ ದೀಪಗಳ ಉಡುಪು ತೊಡಿಸಿ, ಅವನ ಬೆಳಕು ಎದುರಿಗಿರುವವರ ಮುಖದ ಮೇಲೆ ನಿಜವಾಗಿ ಬೀಳುವಂತೆ ಮಾಡಿ, ಬಳಿಕ ದೇಹವನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಜಾಣ್ಮೆಯೂ ಮೆಚ್ಚತಕ್ಕದ್ದು. ಆದರೆ ತೆರೆಯ ಮೇಲೆ ಅದು ಒಬ್ಬ ದುಃಖಿತ ಮನುಷ್ಯನ ನೆನಪುಗಳ ಸರಣಿಯಾಗಿ, ಅಂದರೆ ನಮಗೆ ಪರಿಚಿತವಾದ ಫ್ಲ್ಯಾಶ್‌ಬ್ಯಾಕ್ ಆಗಿ ನಿಲ್ಲುತ್ತದೆ. ನೆನಪಿಸಿಕೊಳ್ಳುವವನು ಬೇರೆ, ಎಲ್ಲ ಕಾಲದಲ್ಲೂ ಏಕಕಾಲಕ್ಕೆ ಸಿಕ್ಕಿಬಿದ್ದವನು ಬೇರೆ. ಐದನೆಯ ಸಂಚಿಕೆಯ ಮಾತಂತೂ ಎತ್ತುವಂತೆಯೇ ಇಲ್ಲ: ಅದರ ಮೊದಲ ಪುಟದ ಜೋಡಣೆಗೆ ಕೊನೆಯ ಪುಟ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು ಕನ್ನಡಿ ಹಿಡಿದಂತೆ ಇದ್ದು, ನಡುವಿನ ಜೋಡಿಪುಟದಲ್ಲಿ ಎರಡೂ ಕಡೆಯವು ಕೂಡುತ್ತವೆ. ಪುಟ ತಿರುವುವ ಕೈಯಿಲ್ಲದಲ್ಲಿ ಇಂಥ ರಚನೆಗೆ ಅರ್ಥವಿಲ್ಲ.

ತನ್ನ ಮಾಧ್ಯಮದ್ದೇ ಉಪಾಯ ಹುಡುಕಿದ ಕಡೆ ಸಿನಿಮಾ ಗೆದ್ದಿತೆಂಬುದಕ್ಕೆ ಆರಂಭದ ಶೀರ್ಷಿಕೆಗಳೇ ಸಾಕ್ಷಿ. ಪುಸ್ತಕದಲ್ಲಿ ಸಂಚಿಕೆಗಳ ಕೊನೆಗೆ ಆತ್ಮಕಥೆಯ ಅಧ್ಯಾಯ, ಪತ್ರಿಕಾ ವರದಿ, ಪತ್ರ, ಸಂದರ್ಶನಗಳ ರೂಪದಲ್ಲಿ ಹರಡಿಕೊಂಡಿರುವ ನಲವತ್ತೈದು ವರ್ಷಗಳ ಚರಿತ್ರೆಯನ್ನು, ಬಾಬ್ ಡಿಲನ್ ಹಾಡೊಂದರ ಹಿನ್ನೆಲೆಯಲ್ಲಿ, ಹೆಚ್ಚುಕಡಿಮೆ ನಿಂತೇಬಿಟ್ಟಂತಿರುವ ಛಾಯಾಚಿತ್ರಗಳ ಸಾಲಾಗಿ ಅದು ಕೆಲವೇ ನಿಮಿಷಗಳಲ್ಲಿ ಹೇಳಿಬಿಡುತ್ತದೆ. 1940ರ ದಶಕದ ವೀರರ ಹಮ್ಮು, ಅವರಲ್ಲೊಬ್ಬನ ಹುಚ್ಚಾಸ್ಪತ್ರೆಯ ಪಾಲು, ಕೆನಡಿ ಹತ್ಯೆಯ ಹಿಂದಿನ ಕೈ ಎಲ್ಲವೂ ಒಂದು ಮಾತಿಲ್ಲದೆ ತಿಳಿಯುತ್ತವೆ. ಇದು ಪುಸ್ತಕದ ಯಾವ ಪುಟದ ನಕಲೂ ಅಲ್ಲ. ಇಡೀ ಚಿತ್ರ ಇದೇ ಧೈರ್ಯದಲ್ಲಿ ಸಾಗಿದ್ದರೆ ಎಂದು ಪ್ರತಿ ಬಾರಿ ನೋಡಿದಾಗಲೂ ಅನ್ನಿಸುತ್ತದೆ.

ಎರಡನೆಯ ತೊಡಕು ಹಿಂಸೆಯದ್ದು. ಇದನ್ನು ಒಂದೇ ದೃಶ್ಯ ಹಿಡಿದು ನೋಡುವುದು ಮೇಲು. ಆರನೆಯ ಸಂಚಿಕೆಯಲ್ಲಿ, ಅಪಹರಣಕ್ಕೊಳಗಾದ ಆರು ವರ್ಷದ ಹುಡುಗಿಯನ್ನು ಹುಡುಕುತ್ತ, ಮುಖವಾಡದ ವೀರರಲ್ಲೊಬ್ಬನಾದ ರೋರ್ಶಾಕ್ ಖಾಲಿ ಮನೆಯೊಂದನ್ನು ಹೊಕ್ಕುತ್ತಾನೆ. ಒಲೆಯಲ್ಲಿ ಸುಟ್ಟುಳಿದ ಬಟ್ಟೆಯ ಚೂರು, ಗೀರುಬಿದ್ದ ಕತ್ತರಿಸುವ ಹಲಗೆ, ಹಿತ್ತಲಲ್ಲಿ ಮೂಳೆಗಾಗಿ ಕಚ್ಚಾಡುವ ಎರಡು ನಾಯಿಗಳು. ಯಾರೂ ಏನೂ ಹೇಳುವುದಿಲ್ಲ. ಚೌಕದಿಂದ ಚೌಕಕ್ಕೆ ನಡೆದು ಲೆಕ್ಕ ಹಾಕಬೇಕಾದವರು ನಾವು, ಮತ್ತು ಅವನಿಗಿಂತ ಕ್ಷಣ ಮೊದಲೋ ಕ್ಷಣ ತಡವಾಗಿಯೋ ನಮಗೆ ಅರ್ಥವಾಗುತ್ತದೆ. ಅಪರಾಧಿ ಮನೆಗೆ ಬಂದ ಮೇಲೆ ಅವನನ್ನು ಒಲೆಗೆ ಕೈಕೋಳದಿಂದ ಬಿಗಿದು, ಕೈಗೆಟುಕುವಲ್ಲಿ ಗರಗಸವಿಟ್ಟು, ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವ ರೋರ್ಶಾಕ್, ಬೀದಿಗೆ ಬಂದು ನಿಂತು ಮನೆ ಉರಿಯುವುದನ್ನು ಒಂದು ಗಂಟೆ ಕಾಲ ನೋಡುತ್ತಾನೆ. ಒಳಗಿನ ಸಾವನ್ನು ನಾವು ನೋಡುವುದೇ ಇಲ್ಲ. ಭಯ ಹುಟ್ಟಿಸುವುದು ಅವನ ಅಲುಗದ ನಿಲುವು. ಮನುಷ್ಯನೊಬ್ಬ ಮುಗಿದು ಮುಖವಾಡ ಮಾತ್ರ ಉಳಿದದ್ದು ಆ ಒಂದು ಗಂಟೆಯಲ್ಲಿ. ಮುಂದೆ ಸೆರೆಸಿಕ್ಕ ರೋರ್ಶಾಕ್‌ನ ಬಾಯಿಂದ ಇದನ್ನೆಲ್ಲ ಜೈಲಿನಲ್ಲಿ ಕೂತು ಕೇಳಿಸಿಕೊಳ್ಳುವ ಮನೋವೈದ್ಯ ಮಾಲ್ಕಮ್ ಲಾಂಗ್‌ನ ನೆಮ್ಮದಿ, ಸಂಸಾರ ಎರಡೂ ಅದೇ ಸಂಚಿಕೆಯಲ್ಲಿ ಕುಸಿಯುತ್ತ ಹೋಗುತ್ತವೆ.

ಚಿತ್ರದಲ್ಲಿ ರೋರ್ಶಾಕ್ ಆ ಮನುಷ್ಯನ ತಲೆಗೆ ಮಚ್ಚಿನಿಂದ ಮತ್ತೆ ಮತ್ತೆ ಹೊಡೆಯುತ್ತಾನೆ. ಗರಗಸದ ಉಪಾಯವನ್ನು ಅಷ್ಟರಲ್ಲಿ ಬೇರೆ ಚಿತ್ರಗಳು ಬಳಸಿ ಸವೆಸಿದ್ದವು ಎಂಬುದನ್ನು ಒಪ್ಪಬೇಕು, ಜಾಕಿ ಅರ್ಲ್ ಹೇಲಿ ಅವರ ನಟನೆಯಲ್ಲಿ ಒಂದಿಷ್ಟೂ ಕೊರತೆಯಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಬದಲಾವಣೆಯ ಪರಿಣಾಮ ದೊಡ್ಡದು. ಮಚ್ಚಿನ ಏಟು ಸಿಟ್ಟಿನ ಏಟು. ಮಗುವನ್ನು ಕೊಂದವನ ಮೇಲೆ ಪ್ರೇಕ್ಷಕನಿಗೂ ಅದೇ ಸಿಟ್ಟಿರುವುದರಿಂದ ಅವನು ರೋರ್ಶಾಕ್ ಪಕ್ಕಕ್ಕೆ ನಿಲ್ಲುತ್ತಾನೆ. ಉರಿಯುವ ಮನೆಯ ಮುಂದೆ ಒಂದು ಗಂಟೆ ನಿಂತವನ ಪಕ್ಕಕ್ಕೆ ಅಷ್ಟು ಸುಲಭವಾಗಿ ಯಾರೂ ನಿಲ್ಲಲಾರರು. ಮನೋವೈದ್ಯನ ಕುಸಿತವೂ ಚಿತ್ರದಲ್ಲಿ ಕಾಣೆಯಾಗಿದ್ದರಿಂದ, ಆ ಕಥೆಯ ಬೆಲೆ ತೆತ್ತವರು ಯಾರೂ ಇಲ್ಲವೆಂಬಂತಾಯಿತು. ಓಣಿಯಲ್ಲಿ ನೈಟ್ ಔಲ್ ಎಂಬ ವೇಷ ತೊಡುತ್ತಿದ್ದ ಡ್ಯಾನ್ ಮತ್ತು ಅವನಂತೆಯೇ ಮಾಜಿ ವೀರಳಾದ ಲಾರಿ ಪುಂಡರ ಗುಂಪನ್ನು ಎದುರಿಸುವ ದೃಶ್ಯದಲ್ಲೂ ಇದೇ ಆಯಿತು: ಪುಟದ ಮೇಲೆ ಏದುಸಿರು ಬಿಡುವ ಇಬ್ಬರು ಮಧ್ಯವಯಸ್ಕರು, ತೆರೆಯ ಮೇಲೆ ಮೂಳೆ ಮುರಿದು ಚರ್ಮ ಹರಿದು ಹೊರಬರುವ ನಿಧಾನಗತಿಯ ವೈಭವ. ವೀರನನ್ನು ಅನುಮಾನಿಸಲು ಹುಟ್ಟಿದ ಕಥೆ ಇಂಥ ಕಡೆಗಳಲ್ಲಿ ಅವನಿಗೆ ಶಿಳ್ಳೆ ಹೊಡೆಸುತ್ತದೆ.

ಉಡುಪುಗಳ ವಿಚಾರವೂ ಇದಕ್ಕೆ ಅಂಟಿಕೊಂಡದ್ದೇ. ಗಿಬನ್ಸ್ ಬರೆದ ನೈಟ್ ಔಲ್‌ಗೆ ಹೊಟ್ಟೆ ಬಂದಿದೆ, ಅವನ ವೇಷ ಬಟ್ಟೆಯದ್ದು, ತುಸು ನಗೆಪಾಟಲಿನದ್ದು. ಚಿತ್ರದಲ್ಲಿ ಅದು ಎರಕ ಹೊಯ್ದ ಸ್ನಾಯುಗಳ ಕವಚ. 1990ರ ದಶಕದ ಸೂಪರ್‌ಹೀರೊ ಚಿತ್ರಗಳ ರಬ್ಬರ್ ಉಡುಪುಗಳನ್ನು ಅಣಕಿಸುವುದು ಉದ್ದೇಶವಾಗಿತ್ತು. ಅಣಕಕ್ಕೂ ಅನುಕರಣೆಗೂ ತೆರೆಯ ಮೇಲೆ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಚರಿತ್ರೆಯ ಒಂದು ಅಡಚಣೆಯೂ ಇದೆ. 1986ರ ಓದುಗನ ಬೆನ್ನಿಗೆ 1938ರಿಂದ ಬಂದ ಸುಮಾರು ಐವತ್ತು ವರ್ಷಗಳ ಸೂಪರ್‌ಹೀರೊ ಕಾಮಿಕ್ಸ್ ಇದ್ದವು. ಮೂರ್ ಒಡೆದದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಗ್ರಹವನ್ನು. 2009ರ ಪ್ರೇಕ್ಷಕನಿಗೆ ಸೂಪರ್‌ಹೀರೊ ಸಿನಿಮಾದ ಮಹಾಪೂರ ಆಗಷ್ಟೇ ಶುರುವಾಗಿತ್ತು, ‘ಐರನ್ ಮ್ಯಾನ್’ ಬಂದು ಒಂದು ವರ್ಷವೂ ಆಗಿರಲಿಲ್ಲ. ಭಕ್ತಿಯೇ ಇನ್ನೂ ಬಲಿಯದಿದ್ದ ಕಾಲದಲ್ಲಿ ವಿಗ್ರಹಭಂಜನೆ ಯಾರಿಗೆ ತಟ್ಟಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು ಅಂತ್ಯದ ಬದಲಾವಣೆ. ಅದಕ್ಕೆ ಮೊದಲು ನ್ಯೂಯಾರ್ಕಿನ ಒಂದು ಬೀದಿಮೂಲೆಯನ್ನು ನೋಡಬೇಕು. ಅಲ್ಲಿ ಬರ್ನಾರ್ಡ್ ಎಂಬ ಮುದುಕನ ಪತ್ರಿಕೆ ಅಂಗಡಿ. ಪಕ್ಕದಲ್ಲಿ ವಿದ್ಯುತ್ ಕಾರುಗಳಿಗೆ ಚಾರ್ಜ್ ತುಂಬುವ ಕಂಬಕ್ಕೆ ಒರಗಿ ದುಡ್ಡು ಕೊಡದೆ ಕಡಲ್ಗಳ್ಳರ ಕಾಮಿಕ್ಸ್ ಓದುವ ಹುಡುಗ, ಅವನ ಹೆಸರೂ ಬರ್ನಾರ್ಡ್ ಎಂಬುದು ಕೊನೆಗಷ್ಟೇ ತಿಳಿಯುತ್ತದೆ. ಮುದುಕ ಯುದ್ಧದ ಸುದ್ದಿ ಕುರಿತು ಒಂದೇ ಸಮನೆ ಗೊಣಗುತ್ತಾನೆ. ಆ ಕಾಮಿಕ್ಸ್‌ನೊಳಗೆ, ತನ್ನೂರನ್ನು ಕಡಲ್ಗಳ್ಳರಿಂದ ಕಾಪಾಡಲು ಹೆಣಗಳ ತೆಪ್ಪದ ಮೇಲೆ ತೇಲಿಬರುವ ನಾವಿಕನೊಬ್ಬ ಕೊನೆಗೆ ತನ್ನವರ ಮೇಲೆಯೇ ಕೈಮಾಡುತ್ತಾನೆ; ಲೋಕವನ್ನು ಕಾಪಾಡಲು ಹೊರಟ ಮಾಜಿ ವೀರ ಏಡ್ರಿಯನ್ ವೈಟ್‌ನ ಕಥೆಗೆ ಅದು ಹಿಡಿದ ಕನ್ನಡಿ. ಹನ್ನೊಂದನೆಯ ಸಂಚಿಕೆಯ ಹೊತ್ತಿಗೆ ಮನೋವೈದ್ಯ ಮತ್ತು ಅವನ ಹೆಂಡತಿ, ಟ್ಯಾಕ್ಸಿ ಓಡಿಸುವ ಹೆಂಗಸು, ಪತ್ತೇದಾರರು ಎಲ್ಲರೂ ಒಂದಲ್ಲ ಒಂದು ಕಾರಣಕ್ಕೆ ಅದೇ ಮೂಲೆಗೆ ಬಂದಿರುತ್ತಾರೆ, ಬೀದಿ ಜಗಳವೊಂದನ್ನು ಬಿಡಿಸಲು ಓಡುತ್ತಿರುತ್ತಾರೆ. ಬಿಳಿ ಬೆಳಕು ಬಂದಾಗ ಮುದುಕ ಹುಡುಗನನ್ನು ತಬ್ಬಿಕೊಳ್ಳುತ್ತಾನೆ. ಇಬ್ಬರ ಆಕೃತಿ ಕರಗಿ ಚೌಕ ಬರಿದಾಗುತ್ತದೆ. ಮುಂದಿನ ಸಂಚಿಕೆ ಒಂಬತ್ತು ಚೌಕಗಳ ಅಚ್ಚನ್ನು ಮುರಿದು ಆರು ಪೂರ್ಣಪುಟಗಳಲ್ಲಿ ಹೆಣಗಳನ್ನು ತೋರಿಸುತ್ತದೆ. ಆ ಹೆಣಗಳಲ್ಲಿ ನಮಗೆ ಪರಿಚಯವಿರುವವರಿದ್ದಾರೆ.

ಪುಸ್ತಕದಲ್ಲಿ ಈ ಹತ್ಯೆಯ ಸಾಧನ ಒಂದು ಬೃಹತ್ ಕೃತಕ ಜೀವಿ, ಓದುಗರ ಬಾಯಲ್ಲಿ ‘ಸ್ಕ್ವಿಡ್’. ಅನ್ಯಗ್ರಹದ ದಾಳಿಯೆಂದು ನಂಬಿಸಿ ಎರಡು ಮಹಾಶಕ್ತಿಗಳನ್ನು ಒಂದುಗೂಡಿಸಲು ವೈಟ್ ಅದನ್ನು ನಗರದ ನಡುವೆ ಪ್ರತ್ಯಕ್ಷಗೊಳಿಸುತ್ತಾನೆ. ಅದರ ವಿನ್ಯಾಸಕ್ಕಾಗಿ ಅವನು ಕಲಾವಿದರನ್ನೂ ಬರಹಗಾರರನ್ನೂ ದ್ವೀಪವೊಂದಕ್ಕೆ ಗುಟ್ಟಾಗಿ ಕರೆಸಿ ಕೊಲ್ಲಿಸಿದ್ದಾನೆ, ಅವರಲ್ಲೊಬ್ಬ ಆ ಹುಡುಗ ಓದುವ ಕಡಲ್ಗಳ್ಳರ ಕಾಮಿಕ್ಸ್‌ನ ಲೇಖಕ. ಅಂದರೆ ಬೀದಿಮೂಲೆ, ಕಾಮಿಕ್ಸ್‌ನೊಳಗಿನ ಕಾಮಿಕ್ಸ್, ನಾಪತ್ತೆಯಾದ ಲೇಖಕ, ಸ್ಕ್ವಿಡ್ ಇವೆಲ್ಲ ಒಂದೇ ನೂಲಿನ ಎಳೆಗಳು. 162 ನಿಮಿಷಗಳ ಚಿತ್ರದಲ್ಲಿ ಮೊದಲಿನವುಗಳಿಗೆ ಜಾಗವಿಲ್ಲ ಎಂದಾದಾಗ ಕೊನೆಯದಕ್ಕೆ ಆಧಾರವೇ ಉಳಿಯಲಿಲ್ಲ. ಇದ್ದಕ್ಕಿದ್ದಂತೆ ಸ್ಕ್ವಿಡ್ ಬಂದಿದ್ದರೆ ಚಿತ್ರಮಂದಿರ ನಕ್ಕುಬಿಡುತ್ತಿತ್ತು. ಆದ್ದರಿಂದ ಜಗತ್ತಿನ ಹಲವು ನಗರಗಳಲ್ಲಿ ಮ್ಯಾನ್‌ಹ್ಯಾಟನ್‌ನ ಶಕ್ತಿಯನ್ನು ಹೋಲುವ ಸ್ಫೋಟಗಳನ್ನು ನಡೆಸಿ ಅವನ ತಲೆಗೇ ಕಟ್ಟುವ ಅಂತ್ಯ ಬಂದಿತು. ಚಿತ್ರಕಥೆಯ ಮಟ್ಟಿಗೆ ಇದು ಅಚ್ಚುಕಟ್ಟಾದ ಪರಿಹಾರ, ಕೆಲವರಿಗೆ ಮೂಲಕ್ಕಿಂತ ಹಿಡಿಸಿತು ಕೂಡ. ನನಗೆ ಅದರ ರಾಜಕೀಯ ತರ್ಕ ಒಪ್ಪಿಗೆಯಾಗುವುದಿಲ್ಲ: ದಶಕಗಳಿಂದ ಅಮೆರಿಕದ ಆಯುಧವಾಗಿದ್ದವನೇ ತನ್ನ ನಗರವನ್ನು ಸುಟ್ಟನೆಂದು ತಿಳಿದ ಸೋವಿಯತ್ ಒಕ್ಕೂಟ ಅಮೆರಿಕದತ್ತ ಕೈಚಾಚುವುದಕ್ಕಿಂತ ಕ್ಷಿಪಣಿಯ ಗುಂಡಿಯತ್ತ ಕೈಚಾಚುವುದೇ ಸಹಜ.

ಅದಕ್ಕೂ ಹೆಚ್ಚಾಗಿ ಕಾಡುವುದು ಆ ಸ್ಫೋಟದ ಸ್ವಚ್ಛತೆ. ಓಣಿಯಲ್ಲಿ ಮುರಿದ ಮೂಳೆಯನ್ನು ಹತ್ತಿರದಿಂದ ತೋರಿಸಿದ ಚಿತ್ರ, ಲಕ್ಷಾಂತರ ಜನರ ಕೊಲೆಯಲ್ಲಿ ಒಂದು ಹೆಣವನ್ನೂ ನಮ್ಮ ಮುಂದಿಡುವುದಿಲ್ಲ; ನೀಲಿ ಬೆಳಕು, ಆಮೇಲೆ ಬೋಳು ಕುಳಿ. ಪತ್ರಿಕೆ ಮಾರುವವನೂ ಹುಡುಗನೂ ಚಿತ್ರಮಂದಿರದ ಪ್ರತಿಯಲ್ಲಿ ಕ್ಷಣಮಾತ್ರ ಕಂಡು ಮರೆಯಾಗುತ್ತಾರೆ, ಅವರು ಯಾರೆಂದು ಪುಸ್ತಕ ಓದದವರಿಗೆ ತಿಳಿಯುವ ಬಗೆಯಿಲ್ಲ. ನ್ಯೂಯಾರ್ಕಿನ ನಡುಬೀದಿಯಲ್ಲಿ ರಾಶಿ ಹೆಣ ತೋರಿಸುವುದಕ್ಕೆ, 2001ರ ಸೆಪ್ಟೆಂಬರ್ ನಂತರದ ಅಮೆರಿಕದಲ್ಲಿ ಹಿಂಜರಿಕೆ ಇದ್ದಿದ್ದರೆ ಅರ್ಥವಾಗುವಂಥದ್ದೇ. ಆದರೆ ವೈಟ್ ಮಾಡಿದ್ದು ಸರಿಯೋ ತಪ್ಪೋ ಎಂದು ಓದುಗ ನಿದ್ದೆಗೆಡುವುದು ಸತ್ತವರ ಮುಖಪರಿಚಯ ಅವನಿಗಿರುವುದರಿಂದ. ಆ ಪರಿಚಯ ಇಲ್ಲದಲ್ಲಿ ಉಳಿಯುವುದು ಅಂಕಿಸಂಖ್ಯೆ, ಮತ್ತು ಅಂಕಿಸಂಖ್ಯೆಯ ಭಾಷೆಯಲ್ಲಿ ವಾದಿಸಿದರೆ ಗೆಲ್ಲುವವನು ವೈಟ್.

ಸುಮಾರು 13 ಕೋಟಿ ಡಾಲರ್ ವೆಚ್ಚದ ಚಿತ್ರ ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ 5.5 ಕೋಟಿ ಡಾಲರ್ ಗಳಿಸಿ, ಎರಡನೆಯ ವಾರಾಂತ್ಯದಲ್ಲಿ ಮೂರನೆಯ ಎರಡು ಭಾಗದಷ್ಟು ಕುಸಿಯಿತು. ಜಗತ್ತಿನಾದ್ಯಂತ ಒಟ್ಟು ಗಳಿಕೆ 18.5 ಕೋಟಿಯ ಆಸುಪಾಸು. ಹತ್ತು ವರ್ಷದ ನಂತರ, 2019ರಲ್ಲಿ, ಎಚ್‌ಬಿಒ ವಾಹಿನಿಗಾಗಿ ಡೇಮನ್ ಲಿಂಡಲಾಫ್ ಮಾಡಿದ ಒಂಬತ್ತು ಕಂತುಗಳ ಸರಣಿ ಪುಸ್ತಕವನ್ನು ಮತ್ತೆ ಹೇಳಲು ಹೋಗದೆ ಅದರ ಮುಂದಿನ ಕಥೆ ಹೇಳಿತು. ಟಲ್ಸಾ ನಗರದ 1921ರ ಜನಾಂಗೀಯ ಹತ್ಯಾಕಾಂಡದಿಂದ ಆರಂಭಿಸಿ, ಮುಖವಾಡ ಮತ್ತು ಅಧಿಕಾರದ ಪ್ರಶ್ನೆಯನ್ನು ತನ್ನದೇ ನೆಲದಲ್ಲಿ ಕೇಳಿತು. ಸ್ಕ್ವಿಡ್ ಅಲ್ಲಿ ಸಂಕೋಚವಿಲ್ಲದೆ ಕಾಣಿಸಿಕೊಂಡಿತು, ಯಾರೂ ನಗಲಿಲ್ಲ.

ಸ್ನೈಡರ್ ಸುಮ್ಮನಿರಲಿಲ್ಲ. ಕಡಲ್ಗಳ್ಳರ ಕಥೆಯನ್ನು ಪ್ರತ್ಯೇಕ ಅನಿಮೇಷನ್ ಚಿತ್ರವಾಗಿ ಮಾಡಿಸಿ ಬಿಡುಗಡೆಯಾದ ತಿಂಗಳಲ್ಲೇ ಡಿವಿಡಿಯಲ್ಲಿ ತಂದರು, 186 ನಿಮಿಷಗಳ ನಿರ್ದೇಶಕರ ಪ್ರತಿ ಬಂತು, ಕೊನೆಗೆ ಎಲ್ಲವನ್ನೂ ಹೊಲಿದ 215 ನಿಮಿಷಗಳ ಪ್ರತಿಯೂ ಬಂತು. ಈ ಕೊನೆಯ ಪ್ರತಿಯಲ್ಲಿ ಮುದುಕ ಗೊಣಗುತ್ತಾನೆ, ಹುಡುಗ ಓದುತ್ತಾನೆ, ತೆಪ್ಪ ತೇಲುತ್ತದೆ. ಬೀದಿಮೂಲೆಗೆ ಒಂದಿಷ್ಟು ಜೀವ ಬಂದು, ತಬ್ಬುಗೆಯ ಆ ಕ್ಷಣ ಕೊಂಚ ನಾಟುತ್ತದೆ. ಆದರೆ ಅಂತ್ಯ ಬದಲಾಗಿರಲಿಲ್ಲವಾದ್ದರಿಂದ ಕಾಮಿಕ್ಸ್ ಬರೆದವನು ಕಥೆಯಲ್ಲಿ ಎಲ್ಲೂ ಇಲ್ಲ. ನಾವಿಕನ ಕಥೆ ವೈಟ್‌ನ ಕಥೆಗೆ ಹೋಲಿಕೆಯಾಗಿ ನಿಲ್ಲುತ್ತದೆಯೇ ಹೊರತು ಅವನ ಸಂಚಿಗೆ ಎಲ್ಲಿಯೂ ಹೆಣೆದುಕೊಳ್ಳುವುದಿಲ್ಲ. ಹಾಗಾಗಿ ಮೂಲವನ್ನು ತಿಳಿಯದ ನೋಡುಗನಿಗೆ ಮೂರೂವರೆ ಗಂಟೆಯ ಆ ಪ್ರತಿಯಲ್ಲಿ ಕಡಲ್ಗಳ್ಳರು ಮುಖ್ಯ ಕಥೆಯನ್ನು ಆಗಾಗ ತಡೆದು ನಿಲ್ಲಿಸುವ ಇನ್ನೊಂದು ಚಿತ್ರವಾಗಿಯೇ ಕಾಣುತ್ತಾರೆ.